ಜಂಟಿ ಕೀಲಿಯ ಸೈಕಲ್

ನಮ್ಮ ಮನೆಯವರು ಸೋಮಾರಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವರು ದಿನಾ ಬ್ಯಾಂಕಿಗೆ ತಡವಾಗಿ ಹೋಗುತ್ತಾರೆ ಎಂದ ಕೂಡಲೇ ಕೇಳಿದವರ ಮುಖದ ಮೇಲೆ ಒಂದು ನಗು ಬರುತ್ತದೆ, ಅದು ನನಗೆ ಹಿಡಿಸುವುದಿಲ್ಲ. ನಿಜವಾಗಿ ನೋಡಿದರೆ ಅವರು ನನಗಿಂತ ಮೊದಲೇ ಎದ್ದಿರುತ್ತಾರೆ. ನಾನು ಒಲೆ ಹಚ್ಚುವಷ್ಟರಲ್ಲಿ ಸ್ನಾನ ಮುಗಿಸಿ, ತಲೆ ಬಾಚಿ, ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ. ಬೀದಿಯ ತಿರುವಿನ ತನಕ ಹೋದವರು ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ವಾಪಸ್ ಬರುತ್ತಾರೆ. ಬಸ್ ಸ್ಟಾಪಿನ ತನಕ ಹೋದವರು ಬಾಗಿಲು ಹಾಕಿದೆನೋ ಇಲ್ಲವೋ ಎಂದು ವಾಪಸ್ ಬರುತ್ತಾರೆ. ಬಾಗಿಲ ಒಳಗೆ ನಾನೂ ಅತ್ತೆಯೂ ಇರುತ್ತೇವೆ ಎಂಬುದು ಅವರ ಗಮನಕ್ಕೇ ಬರುವುದಿಲ್ಲ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ, ಇವರು ಸಂಜೆ ಮನೆಗೆ ಬಂದು ಬಸ್ಸಿನವರನ್ನು ಬಾಯಿಗೆ ಬಂದಂತೆ ಬಯ್ಯುತ್ತಾರೆ.

ಬ್ಯಾಂಕಿನಲ್ಲಿ ಇವರು ಬರೀ ಕ್ಯಾಷಿಯರ್ ಆಗಿದ್ದಷ್ಟು ದಿನ ಇದು ಹೇಗೋ ನಡೆಯಿತು. ಆಮೇಲೆ ಹೆಡ್ ಕ್ಯಾಷಿಯರ್ ನಿವೃತ್ತಿಯಾದರು, ಅವರ ಕೈಲಿದ್ದ ಸ್ಟ್ರಾಂಗ್ ರೂಮಿನ ಕೀಲಿ ತಾತ್ಕಾಲಿಕವಾಗಿ ಇವರ ಕೈಗೆ ಬಂತು. ಹಣ ಇಡುವ ಆ ಕೋಣೆಗೆ ಎರಡು ಕೀಲಿ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಇಬ್ಬರೂ ಬಂದು ಇಬ್ಬರೂ ತಿರುಗಿಸಿದರೇ ಬಾಗಿಲು ತೆರೆಯುವುದು. ಒಬ್ಬರ ಕೀಲಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಆ ಕೀಲಿ ಮನೆಗೆ ಬಂದ ಮೊದಲ ಸಂಜೆ ಇವರು ಅದನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದ ರೀತಿಯಲ್ಲಿ ನನ್ನನ್ನು ಮದುವೆಯ ದಿನವೂ ನೋಡಿರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಇವರನ್ನು ನಂಬಿ ಏನನ್ನೂ ಕೊಟ್ಟಿರಲಿಲ್ಲ, ಅದು ನನಗೂ ಗೊತ್ತಿತ್ತು. ಹಾಗಾಗಿ ನಾನು ತಮಾಷೆ ಮಾಡಲು ಹೋಗಲಿಲ್ಲ.

ಆದರೆ ಕೀಲಿ ಇರುವವನು ತಡವಾಗಿ ಬಂದರೆ ಇಡೀ ಬ್ಯಾಂಕೇ ಕೈಕಟ್ಟಿ ನಿಲ್ಲಬೇಕು. ಮ್ಯಾನೇಜರ್ ತಮ್ಮ ಕೀಲಿ ಹಿಡಿದುಕೊಂಡು ಬಾಗಿಲ ಮುಂದೆ ನಿಂತಿರುತ್ತಾರೆ, ಹೊರಗೆ ಸಾಲಿನಲ್ಲಿರುವ ಜನ ಗೊಣಗುತ್ತಿರುತ್ತಾರೆ, ನಮ್ಮವರು ಎಲ್ಲೋ ಬಸ್ ಸ್ಟಾಪಿನಿಂದ ನಲ್ಲಿ ನೋಡಲು ವಾಪಸ್ ಹೊರಟಿರುತ್ತಾರೆ. ಕೊನೆಗೆ ಮ್ಯಾನೇಜರ್ ಕರೆದು ಹೇಳಿದರಂತೆ, ಹೀಗೇ ಆದರೆ ಕೀಲಿ ಪಕ್ಕದ ಕೌಂಟರಿನವರಿಗೆ ಹೋಗುತ್ತದೆ ಅಂತ. ಆ ದಿನ ಇವರು ಊಟದ ತಟ್ಟೆಯ ಮುಂದೆ ಕೂತು ಒಂದೇ ಸಮನೆ ಬಸ್ಸನ್ನು ಬಯ್ದರು. ಬ್ಯಾಂಕು ಅಷ್ಟೇನೂ ದೂರವಿಲ್ಲ, ನಡೆದುಕೊಂಡೇ ಹೋಗಿ ಅಂದೆ. ಕಿವಿಮೇಲೆ ಹಾಕಿಕೊಳ್ಳಲಿಲ್ಲ. ಊಟ ಮುಗಿಸಿ ಕೈ ತೊಳೆಯುತ್ತಾ, ಸೈಕಲ್ ತಗೊಳ್ಳುತ್ತೇನೆ ಎಂದು ತೀರ್ಮಾನ ಹೇಳಿದರು.

ಸೈಕಲ್ ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯವನು ಒಳ್ಳೆ ಉಮೇದಿನಲ್ಲಿ ಕೆಂಪು ಬಣ್ಣದ, ಹಗುರವಾದ, ಗೇರುಗಳಿರುವ ಒಂದು ಸೈಕಲನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. ಇವರು ಹಿಂದಕ್ಕೆ ಸರಿದರು. ಒಂದೇ ಕೈಯಲ್ಲಿ ಎತ್ತುವ ಸೈಕಲನ್ನು ಕಳ್ಳನೂ ಒಂದೇ ಕೈಯಲ್ಲಿ ಎತ್ತುತ್ತಾನೆ ಎಂಬುದು ಇವರ ವಾದ. ಆಮೇಲೆ ನೀಲಿ ಬಣ್ಣದ್ದು ತೋರಿಸಿದ, ಅದು ನೋಡಲು ಚೆನ್ನಾಗಿದೆ ಅನ್ನುವ ಕಾರಣಕ್ಕೇ ಬೇಡವಾಯಿತು. ಅಂಗಡಿಯವನು ತಲೆ ಕೆರೆದುಕೊಂಡು ನಿಮಗೆ ಎಂಥದ್ದು ಬೇಕು ಸರ್ ಅಂತ ಕೇಳಿದ. ಯಾರಿಗೂ ಬೇಡವಾದದ್ದು ಅಂದರು.

ಅಂಥದ್ದು ಅವನ ಹತ್ತಿರ ಇತ್ತು. ಗೋದಾಮಿನ ಮೂಲೆಯಲ್ಲಿ ಎಷ್ಟೋ ವರ್ಷದಿಂದ ನಿಂತಿದ್ದ, ಕೆಸರಿನ ಬಣ್ಣದ, ಇಬ್ಬರು ಹಿಡಿದರೂ ಸುಲಭಕ್ಕೆ ಎತ್ತಲಾಗದ ಒಂದು ಸೈಕಲನ್ನು ಅವನೂ ಅವನ ತಮ್ಮನೂ ಸೇರಿ ಹೊರಗೆ ತಂದರು. ಇವರು ಅದರ ಸುತ್ತ ಒಂದು ಸುತ್ತು ಹಾಕಿ, ಇದನ್ನು ಕದಿಯಬೇಕಾದರೆ ಕಳ್ಳನಿಗೆ ತಲೆ ಕೆಟ್ಟಿರಬೇಕು ಅಂದರು. ಕೊಂಡುಕೊಳ್ಳುವವರಿಗೂ, ಅಂತ ಹೇಳಲು ಬಾಯಿ ತೆರೆದ ಅಂಗಡಿಯವನು ವ್ಯಾಪಾರ ನೆನಪಾಗಿ ಬಾಯಿ ಮುಚ್ಚಿಕೊಂಡ. ಸೈಕಲ್ ಓಡಿಸಿ ನೋಡಿದ್ದು ಅಂಗಡಿಯ ಮುಂದೆ ಒಂದೇ ಒಂದು ಸಲ. ಬೀಗಗಳನ್ನು ಪರೀಕ್ಷೆ ಮಾಡಿದ್ದು ಮಾತ್ರ ಮಧ್ಯಾಹ್ನದ ತನಕ. ಕೊನೆಗೆ ಎರಡು ಬೀಗ ಆರಿಸಿದರು. ಒಂದು ಹಿಂದಿನ ಚಕ್ರಕ್ಕೆ. ಇನ್ನೊಂದು ಹೆಬ್ಬೆರಳು ದಪ್ಪದ ಉಕ್ಕಿನ ಸರಪಳಿ. ಅದರ ತುದಿಯ ಬೀಗವನ್ನು ಸುಮ್ಮನೆ ಒತ್ತಿದರೆ ಸಾಕು ಹಾಕಿಕೊಳ್ಳುತ್ತದೆ, ಬಿಚ್ಚಬೇಕಾದರೆ ಮಾತ್ರ ಕೀಲಿಯೇ ಬೇಕು. ಗರಗಸಕ್ಕೂ ಬಗ್ಗಲ್ಲ ಸರ್ ಎಂದು ಅಂಗಡಿಯವನು ಎದೆ ತಟ್ಟಿಕೊಂಡ.

ಇನ್ನು ಸವಾರನ ಭದ್ರತೆ. ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದಾರೆ, ಯಾರು ಏನು ತಂದರೂ ಅದಕ್ಕೆ ಇನ್ನೇನು ಬೇಕು ಎಂದು ಹೇಳುವುದು ಅವರ ಕೆಲಸ. ಅವರ ಸಲಹೆಯ ಮೇಲೆ ಹೆಲ್ಮೆಟ್ಟು ಬಂತು. ಧೂಳಿಗೆ ಮಾಸ್ಕು, ಹುಳಕ್ಕೆ ಕನ್ನಡಕ, ಬಿದ್ದರೆ ಅಂಗೈ ಉಳಿಯಲಿ ಎಂದು ಕೈಗವಸು ಬಂದವು. ಕತ್ತಲಲ್ಲಿ ಮಿಂಚುವ ಹಳದಿ ಜಾಕೆಟ್ಟು ಬಂತು. ಇವರು ಹಗಲು ಹೋಗಿ ಬೆಳಕಿರುವಾಗಲೇ ಬರುತ್ತಾರಲ್ಲ ಅಂದರೆ, ಗ್ರಹಣ ಏನಾದರೂ ಆದರೆ ಅಂದರು ಮೇಷ್ಟ್ರು. ಇದೆಲ್ಲ ತೊಟ್ಟು ಮೊದಲ ದಿನ ಮೆಟ್ಟಿಲಿಳಿದಾಗ ಎದುರು ಮನೆಯ ಅಜ್ಜಿ ಕಿಟಕಿಗಳನ್ನೆಲ್ಲ ಹಾಕಿ, ನನ್ನನ್ನು ಕರೆದು, ಸೊಳ್ಳೆ ಔಷಧಿ ಹೊಡೆಯುವವನು ಒಳಗೂ ಬರುತ್ತಾನಾ ಎಂದು ವಿಚಾರಿಸಿದರು.

ಇಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಆ ಸಂಜೆ ಸೈಕಲನ್ನು ಕೆಳಗಿನ ಮೆಟ್ಟಿಲ ಕಬ್ಬಿಣದ ಕಂಬಿಗೆ ಸರಪಳಿಯಲ್ಲಿ ಬಿಗಿದು ಮೇಲೆ ಬಂದವರು, ಚಕ್ರದ ಬೀಗದ ಕೀಲಿ ತಾವಿಟ್ಟುಕೊಂಡು ಸರಪಳಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಇದು ನಿನ್ನ ಜವಾಬ್ದಾರಿ, ನಾನೇ ಬಂದು ಕೇಳಿದರೂ ಕೊಡಬಾರದು, ಬೆಳಿಗ್ಗೆ ನೀನೇ ಕೆಳಗೆ ಬಂದು ನಿನ್ನ ಕೈಯಾರೆ ಬಿಚ್ಚಬೇಕು ಅಂದರು. ನನಗೆ ಅರ್ಥವಾಗಲಿಲ್ಲ.

"ಎರಡು ಕೀಲೀನೂ ನೀವೇ ಇಟ್ಕೊಂಡ್ರೆ ಏನಾಗುತ್ತೆ?" ಅಂತ ಕೇಳಿದೆ.

"ಎರಡು ಕೀಲಿ ಒಬ್ಬರ ಕೈಲಿದ್ರೆ ಅದು ಭದ್ರತೆ ಅಲ್ಲ, ಬರೀ ನಂಬಿಕೆ."

"ನಿಮ್ಮನ್ನ ನೀವೇ ನಂಬಲ್ವಾ?"

"ಪ್ರಶ್ನೆ ಅದಲ್ಲ," ಅಂದರು.

ಇನ್ನು ಡೂಪ್ಲಿಕೇಟ್ ಕೀಲಿಗಳು. ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿನ ಡೂಪ್ಲಿಕೇಟ್ ಕೀಲಿಯನ್ನು ಅದೇ ಶಾಖೆಯಲ್ಲಿ ಇಡುವುದಿಲ್ಲವಂತೆ, ಬೇರೆ ಶಾಖೆಗೆ ಕಳಿಸುತ್ತಾರಂತೆ. ಅದೇ ಪ್ರಕಾರ ಇವರು ಸೈಕಲ್ಲಿನ ಡೂಪ್ಲಿಕೇಟ್ ಕೀಲಿಗಳನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಅರಗಿನ ಮುದ್ರೆ ಒತ್ತಿ, ಪಕ್ಕದ ಊರಿನಲ್ಲಿರುವ ತಮ್ಮ ಅಕ್ಕನ ಮನೆಗೆ ಕಳಿಸಿದರು. ನಮ್ಮ ಅತ್ತಿಗೆ ಫೋನ್ ಮಾಡಿ, ನಿಮ್ಮಿಬ್ಬರ ನಡುವೆ ಏನಾದರೂ ಮನಸ್ತಾಪವಾ ಎಂದು ಮೆಲ್ಲಗೆ ಕೇಳಿದರು.

ಅಲ್ಲಿಂದ ನನ್ನ ಬೆಳಗುಗಳು ಹಾಳಾದವು. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಗಂಟೆ ಬಾರಿಸುತ್ತಾರೆ. ನಾನು ಒಲೆ ಆರಿಸಿ, ಅಷ್ಟೂ ಮೆಟ್ಟಿಲಿಳಿದು, ಸರಪಳಿ ಬಿಚ್ಚಬೇಕು. ಬಿಚ್ಚಿದ ಸರಪಳಿಯನ್ನು ಅಲ್ಲೇ ಬಿಟ್ಟು ಹೋಗಬಹುದಿತ್ತು, ಆದರೆ ಸರಪಳಿಯನ್ನೇ ಯಾರಾದರೂ ಕದ್ದರೆ? ಹಾಗಾಗಿ ಅದನ್ನು ಸೊಂಟಕ್ಕೆ ಸುತ್ತಿ, ತುದಿ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಒಂದು ದಿನ ನನ್ನ ಕೈ ಹಿಟ್ಟಾಗಿತ್ತು, ಅತ್ತೆ ಕೀಲಿ ತೆಗೆದುಕೊಂಡು ಕೆಳಗೆ ಹೋದರು. ಇವರು ಹೆತ್ತ ತಾಯಿಯ ಕೈಯಿಂದ ಬೀಗ ತೆಗೆಸಿಕೊಳ್ಳಲು ಒಪ್ಪಲಿಲ್ಲ. ಅಧಿಕಾರ ಇಲ್ಲದವರು ಕೀಲಿ ಮುಟ್ಟುವಂತಿಲ್ಲ, ಮೊದಲು ಚಾರ್ಜು ಕೊಡಬೇಕು ಅಂದರು. ನಾನು ಹಿಟ್ಟಿನ ಕೈಯಲ್ಲೇ ಹೋಗಿ, ಇವರ ಎದುರಿನಲ್ಲೇ, ಇಂದಿನಿಂದ ಈ ಕೀಲಿ ಅತ್ತೆಯದು ಎಂದು ಬಾಯಿಬಿಟ್ಟು ಹೇಳಿ ಕೈತೊಳೆದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ನೆಮ್ಮದಿ ನನಗೆ ಎಷ್ಟೋ ದಿನದಿಂದ ಆಗಿರಲಿಲ್ಲ.

ಆದರೆ ಅತ್ತೆ ನನ್ನ ಹಾಗಲ್ಲ. ಒಂದು ಕೆಲಸ ಒಪ್ಪಿಕೊಂಡರೆ ಎದುರಿನವರನ್ನು ಗೋಳು ಹೊಯ್ದುಕೊಂಡಾದರೂ ಅದನ್ನು ಮಾಡಿಯೇ ಬಿಡುವವರು. ಕೀಲಿಯನ್ನು ತಮ್ಮ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು, ಡಬ್ಬಿ ಅವರ ಕೈ ಬಿಟ್ಟು ಎಲ್ಲೂ ಹೋಗದು. ದಿನಾ ಬೆಳಿಗ್ಗೆ ಕೆಳಗೆ ಹೋಗಿ, ಹೆಲ್ಮೆಟ್ಟು ಮಾಸ್ಕು ಹಾಕಿಕೊಂಡು ನಿಂತ ಮಗನನ್ನು, ಯಾರಪ್ಪ ನೀನು ಎಂದು ಕೇಳುತ್ತಿದ್ದರು. ಮಾಸ್ಕು ಇಳಿಸಿ ಮುಖ ತೋರಿಸಬೇಕು. ಎಲ್ಲಿಗೆ ಹೋಗುತ್ತೀಯ ಅನ್ನುತ್ತಿದ್ದರು, ಬ್ಯಾಂಕಿಗೆ ಅನ್ನಬೇಕು. ನಿನ್ನೆ ಸಂಜೆ ಯಾಕೆ ನಿಂಬೆಹಣ್ಣು ತರಲಿಲ್ಲ ಅನ್ನುತ್ತಿದ್ದರು, ಅದಕ್ಕೂ ಉತ್ತರ ಕೊಡಬೇಕು. ಎಲ್ಲ ಸರಿಹೋದ ಮೇಲೆ ಡಬ್ಬಿ ತೆರೆಯುತ್ತಿದ್ದರು. ನನ್ನ ಮಟ್ಟಿಗೆ ಇದೊಂದು ನೋಡುವ ಹಾಗಿನ ದೃಶ್ಯವಾಗಿತ್ತು, ನಾನು ಮೇಲಿನ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತುಬಿಡುತ್ತಿದ್ದೆ.

ಹೀಗೆ ಇವರು ಬಸ್ಸಿನಲ್ಲಿ ಹೋಗುವಾಗ ಎಷ್ಟು ತಡವಾಗುತ್ತಿತ್ತೋ ಅದಕ್ಕಿಂತ ಹೆಚ್ಚು ತಡವಾಗತೊಡಗಿತು. ಕೊನೆಗೆ ಒಂದು ಶುಕ್ರವಾರ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟರು. ಸೋಮವಾರ ಮೇಲಿನ ಆಫೀಸಿನಿಂದ ಒಬ್ಬ ದೊಡ್ಡ ಅಧಿಕಾರಿ ತನಿಖೆಗೆ ಬರುತ್ತಾರೆ, ಸ್ಟ್ರಾಂಗ್ ರೂಮು ತೆರೆಯುವ ಹೊತ್ತಿಗೆ ನೀವು ಇಲ್ಲದಿದ್ದರೆ ಅವರ ಮುಂದೆಯೇ ಕೀಲಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ. ಇವರು ಮನೆಗೆ ಬಂದು ಆ ಮಾತು ಹೇಳಿ, ಕೀಲಿಯನ್ನು ಮತ್ತೆ ಅಂಗೈಮೇಲೆ ಇಟ್ಟುಕೊಂಡು ಕೂತರು. ಅತ್ತೆ ಮಾತ್ರ, ಸೋಮವಾರ ನಾನು ಮೇಷ್ಟ್ರ ಹೆಂಡತಿ ಜೊತೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ಬೇಗ ಇಳಿದು ಬಾ, ಬೀಗ ತೆಗೆದುಕೊಟ್ಟು ಹೋಗುತ್ತೇನೆ ಅಂದರು.

ಸೋಮವಾರ ಎಲ್ಲವೂ ಸರಿಯಾಗಿಯೇ ಶುರುವಾಯಿತು. ಇವರು ಹೊತ್ತಿಗೆ ಮುಂಚೆಯೇ ಪೂರ್ತಿ ವೇಷದಲ್ಲಿ ಕೆಳಗೆ ನಿಂತಿದ್ದರು. ಅತ್ತೆ ಇಳಿದು, ಮುಖ ನೋಡಿ, ಕಂಬಿಯ ಹತ್ತಿರ ಸರಪಳಿಯ ಬೀಗ ತೆಗೆದರು. ಮೇಷ್ಟ್ರ ಹೆಂಡತಿ ತರಿಸಿದ್ದ ಟ್ಯಾಕ್ಸಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿತ್ತು. ಕೀಲಿಯನ್ನು ಡಬ್ಬಿಗೆ ಹಾಕಿಕೊಂಡು ಅತ್ತೆ ಹೊರಟುಹೋದರು. ಇವರು ಸರಪಳಿಯನ್ನು ಕಂಬಿಯಿಂದ ಎಳೆದು ಸೊಂಟಕ್ಕೆ ಸುತ್ತಿಕೊಂಡರು. ಮನಸ್ಸೆಲ್ಲ ತನಿಖೆಯ ಮೇಲೆ. ಕೈ ಮಾತ್ರ ದಿನಾ ಸಂಜೆ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಬೀಗವನ್ನು ಟಕ್ಕನೆ ಒತ್ತಿತು.

ಆಮೇಲೆ ಸೈಕಲ್ ಹತ್ತಲು ಕಾಲೆತ್ತಿದರು. ಕಾಲು ಏಳಲಿಲ್ಲ. ಸರಪಳಿ ಕಂಬಿಯಿಂದ ಈಚೆ ಬಂದಿತ್ತು ನಿಜ, ಸೈಕಲ್ಲಿನ ಅಡ್ಡಪಟ್ಟಿಯಿಂದ ಈಚೆ ಬಂದಿರಲಿಲ್ಲ. ನಮ್ಮ ಮನೆಯವರು ತಮ್ಮನ್ನೇ ತಮ್ಮ ಸೈಕಲ್ಲಿಗೆ ಬೀಗ ಹಾಕಿಕೊಂಡಿದ್ದರು.

ನಾನು ಓಡಿ ಇಳಿದೆ. ಅತ್ತೆಗೆ ಫೋನ್ ಮಾಡಿದರೆ ಅದು ನಮ್ಮ ಅಡುಗೆಮನೆಯಲ್ಲೇ ಹೊಡೆದುಕೊಂಡಿತು. ಮೇಷ್ಟ್ರ ಹೆಂಡತಿಯ ಫೋನ್ ಎತ್ತುವವರಿಲ್ಲ. ಮೇಷ್ಟ್ರು ಗರಗಸ ತಂದು ಇವರ ಸೊಂಟದ ಹತ್ತಿರ ಕೂತು ಉಜ್ಜಿದರು. ಗರಗಸದ ಹಲ್ಲು ಉದುರಿದವು, ಸರಪಳಿಯ ಮೇಲೆ ಒಂದು ಗೆರೆಯೂ ಬೀಳಲಿಲ್ಲ. ಅಷ್ಟು ಸಂಕಟದಲ್ಲೂ ಇವರ ಮುಖದ ಮೇಲೆ ಒಂದು ಹೆಮ್ಮೆ ಹಾದುಹೋಯಿತು, ನಾನು ನೋಡಿದೆ. ಕೊನೆಗೆ ಮೇಷ್ಟ್ರು ಆಸ್ಪತ್ರೆಯಿಂದ ಅತ್ತೆಯನ್ನು ನೇರ ಬ್ಯಾಂಕಿಗೇ ಕರೆತರುತ್ತೇನೆ ಎಂದು ಸ್ಕೂಟರ್ ಹತ್ತಿದರು.

"ಸ್ಟ್ರಾಂಗ್ ರೂಮಿನ ಕೀಲಿ ನನ್ನ ಕೈಲಿ ಕೊಡಿ," ಅಂದೆ. "ನಾನು ಓಡಿಹೋಗಿ ಮ್ಯಾನೇಜರಿಗೆ ಕೊಟ್ಟುಬಿಡ್ತೀನಿ. ನಿಮ್ಮ ಮಾನ ಉಳಿಯುತ್ತೆ."

ಇವರು ಪ್ಯಾಂಟಿನ ಜೇಬನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ಆ ಕೀಲಿ ಇನ್ನೊಬ್ಬರ ಕೈಗೆ ಕೊಟ್ರೆ, ಹೊತ್ತಿಗೆ ಸರಿಯಾಗಿ ಹೋದ್ರೂ ನಾನು ಅದಕ್ಕೆ ಲಾಯಕ್ಕಲ್ಲ ಕಣೇ. ನಡಿ, ಹೀಗೇ ಹೋಗೋಣ."

ನನಗೆ ಅಳು ಬಂತು. ಸಿಟ್ಟೂ ಬಂತು. ಊಟದ ಡಬ್ಬಿ ಎತ್ತಿಕೊಂಡು ಇವರ ಹಿಂದೆ ನಡೆದೆ.

ಸೈಕಲ್ಲನ್ನು ತಳ್ಳಿಕೊಂಡು, ಅದಕ್ಕೆ ಅಂಟಿಕೊಂಡು, ಇವರು ಅಡ್ಡಡ್ಡವಾಗಿ ಓಡುತ್ತಿದ್ದರು. ಕೈ ಬಿಟ್ಟರೆ ಸೈಕಲ್ ಬೀಳುತ್ತದೆ, ಅದು ಬಿದ್ದರೆ ಇವರೂ ಅದರ ಮೇಲೆ ಬೀಳಬೇಕು. ಮುಖ್ಯ ರಸ್ತೆಯ ಹತ್ತಿರ ಬಂದಾಗ ಸಂಚಾರಿ ಪೊಲೀಸಿನವನು ತಡೆದು, ಇವರನ್ನು ಯಾರು ಕಟ್ಟಿಹಾಕಿದ್ದು ಎಂದು ನನ್ನನ್ನು ಕೇಳಿದ. ಅವರೇ ಕಟ್ಟಿಕೊಂಡರು ಅಂದೆ. ಅವನು ಸರಪಳಿಯನ್ನು ಎಳೆದು ನೋಡಿ, ಅದಕ್ಕೆ ವಿರುದ್ಧವಾಗಿ ಯಾವ ಕಾನೂನೂ ಇಲ್ಲ ಎಂದು ದಾರಿ ಬಿಟ್ಟ.

ಆ ರಸ್ತೆಯಲ್ಲಿ ಸೈಕಲ್ ಓಡಿಸುವವರ ಪಾಡು ಯಾರಿಗೂ ಬೇಡ. ಕಾರುಗಳು ಅವರನ್ನು ಚರಂಡಿಯ ಅಂಚಿಗೆ ತಳ್ಳಿರುತ್ತವೆ. ಹಾಗೆ ಅಂಚಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಇವರನ್ನು ನೋಡಿ ಇಳಿದಳು. ಹಳದಿ ಜಾಕೆಟ್ಟು, ಹೆಲ್ಮೆಟ್ಟು, ಸೈಕಲ್ಲಿಗೆ ಸರಪಳಿಯಿಂದ ಬಿಗಿದುಕೊಂಡ ಮೈ. ಅವಳಿಗೆ ಅನುಮಾನವೇ ಉಳಿಯಲಿಲ್ಲ. ಇದು ಸೈಕಲ್ ದಾರಿಗಾಗಿ ನಡೆಯುತ್ತಿರುವ ಹೋರಾಟ ಎಂದು ತೀರ್ಮಾನಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ತಾನೂ ಸೈಕಲ್ ತಳ್ಳಿಕೊಂಡು ಹಿಂದೆ ನಡೆದಳು. ಅವಳ ಹಿಂದೆ ಒಬ್ಬ ಪತ್ರಿಕೆ ಹಾಕುವವನು ಬಂದ. ಅವನ ಹಿಂದೆ ಇಬ್ಬರು ಕಾರ್ಖಾನೆಯವರು. ಹಾಗಲ್ಲಪ್ಪ, ಇವರು ಆಫೀಸಿಗೆ ಹೋಗುತ್ತಿದ್ದಾರೆ ಎಂದು ನಾನು ಬಡಬಡಿಸಿದೆ. ಆಫೀಸಿನ ದಾರಿಯಲ್ಲೇ ಹೋರಾಟ ಮಾಡುತ್ತಿದ್ದಾರೆ, ಹೆಂಡತಿಯೂ ಊಟ ಕಟ್ಟಿಕೊಂಡು ಜೊತೆಗೆ ಬಂದಿದ್ದಾರೆ ಎಂದು ಆ ಹುಡುಗಿ ಉಳಿದವರಿಗೆ ವಿವರಿಸಿದಳು. ಯಾರೋ ನನಗೆ ಕೈಮುಗಿದರು.

ಬ್ಯಾಂಕಿನ ಬೀದಿಗೆ ತಿರುಗುವ ಹೊತ್ತಿಗೆ ಅದೊಂದು ಮೆರವಣಿಗೆಯಾಗಿತ್ತು. ಸೈಕಲ್ಲಿಗೆ ದಾರಿ ಕೊಡಿ ಎಂಬ ಕೂಗು ಎರಡು ಬದಿಯ ಅಂಗಡಿಗಳಿಗೂ ಕೇಳುತ್ತಿತ್ತು. ಇವರಿಗೆ ಇದ್ಯಾವುದೂ ಗೊತ್ತಿಲ್ಲ. ಹಿಂದೆ ತಿರುಗಿ ನೋಡಲು ಸರಪಳಿ ಬಿಡುತ್ತಿರಲಿಲ್ಲ. ಜನ ಇವರ ಬೆನ್ನಿಗೆ ಬಂದ ಹಾಗೆಲ್ಲ ನಾನು ಹಿಂದೆ ಹಿಂದೆ ಉಳಿದುಹೋದೆ.

ಬ್ಯಾಂಕಿನ ಬಾಗಿಲಲ್ಲಿ ಆ ದಿನ ಹೊಸ ಕಾವಲುಗಾರ. ದೂರದಿಂದ ಕೂಗಾಡುತ್ತಾ ಬರುವ ಗುಂಪು, ಅದರ ಮುಂದೆ ಮುಖ ಮುಚ್ಚಿಕೊಂಡ ಮನುಷ್ಯ ಕಾಣಿಸಿದ ಕೂಡಲೇ ಅವನು ತನ್ನ ಕರ್ತವ್ಯ ಮಾಡಿದ. ಕಬ್ಬಿಣದ ಗೇಟನ್ನು ಎಳೆದು ಚಿಲಕ ಹಾಕಿದ. ಇವರು ಹೋಗಿ ಗೇಟಿಗೆ ಮುಖ ಕೊಟ್ಟು, ನಾನು ಇಲ್ಲಿಯ ಕ್ಯಾಷಿಯರ್ ಎಂದು ಮತ್ತೆ ಮತ್ತೆ ಅರಚಿದರು. ಗುರುತಿನ ಚೀಟಿ ತೋರಿಸಿ ಅಂದ. ಚೀಟಿ ಕುತ್ತಿಗೆಯಲ್ಲಿತ್ತು, ಕುತ್ತಿಗೆಯ ಮೇಲೆ ಜಾಕೆಟ್ಟಿತ್ತು, ಜಾಕೆಟ್ಟಿನ ಜಿಪ್ಪನ್ನು ಸರಪಳಿ ಅಮುಕಿ ಹಿಡಿದಿತ್ತು. ಮಾಸ್ಕು ಇಳಿಸಲು ಕೈ ಬಿಡುವಂತಿಲ್ಲ. ಗದ್ದಲ ಕೇಳಿ ಮ್ಯಾನೇಜರ್ ಓಡಿಬಂದರು. ಅವರ ಹಿಂದೆ ತನಿಖೆಗೆ ಬಂದ ಅಧಿಕಾರಿ ಬಂದರು. ಬಿಳಿ ಕೂದಲಿನ, ಗಂಭೀರವಾದ ಹೆಂಗಸು. ಅವರು ಗೇಟಿನ ಹತ್ತಿರ ಬಂದು ಇವರನ್ನು ನೇರವಾಗಿ ನೋಡಿ ಕೇಳಿದರು.

"ಏನು ನಿಮ್ಮ ಬೇಡಿಕೆ?"

"ನನ್ನನ್ನ ಒಳಗೆ ಬಿಡಿ ಮೇಡಂ. ಅಷ್ಟೇ."

ಒಳಗೆ ಬಿಡಿ, ಒಳಗೆ ಬಿಡಿ ಎಂದು ಹಿಂದಿನವರೆಲ್ಲ ಒಕ್ಕೊರಲಿನಿಂದ ಕೂಗಿದರು. ಮ್ಯಾನೇಜರ್ ಪೊಲೀಸರಿಗೆ ಫೋನ್ ಮಾಡಲು ಜೇಬಿಗೆ ಕೈಹಾಕಿದರು. ಗೋಡೆಯ ಗಡಿಯಾರದ ಮುಳ್ಳು ಸ್ಟ್ರಾಂಗ್ ರೂಮು ತೆರೆಯುವ ಹೊತ್ತಿಗೆ ಇನ್ನೇನು ತಲುಪುವುದರಲ್ಲಿತ್ತು. ಇವರಿಗೆ ಇನ್ನು ಬೇರೆ ದಾರಿ ಇರಲಿಲ್ಲ. ಸೈಕಲ್ಲನ್ನು ಬಿಟ್ಟು ಜೇಬಿಗೆ ಕೈ ಹಾಕಿದರು. ಸೈಕಲ್ ವಾಲಿತು, ಇವರೂ ವಾಲಿದರು, ಇಬ್ಬರೂ ಗೇಟಿಗೆ ಒರಗಿ ಜಾರುತ್ತಾ ನೆಲಕ್ಕೆ ಬಂದರು. ಆದರೆ ಬೀಳುವಾಗಲೂ ಒಂದು ಕೈ ಮೇಲೇ ಇತ್ತು, ಆ ಕೈಯಲ್ಲಿ ಕೀಲಿ ಇತ್ತು. ಮ್ಯಾನೇಜರ್ ಮನುಷ್ಯನ ಗುರುತು ಹಿಡಿಯಲಿಲ್ಲ, ಕೀಲಿಯ ಗುರುತು ಹಿಡಿದರು.

ಆಮೇಲೆ ನಡೆದದ್ದನ್ನು ಆ ಬ್ಯಾಂಕಿನವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಕಾವಲುಗಾರ ಮುಂದಿನ ಚಕ್ರ ಹಿಡಿದ, ಪಕ್ಕದ ಕೌಂಟರಿನವರು ಹಿಂದಿನ ಚಕ್ರ ಹಿಡಿದರು. ಮಧ್ಯದಲ್ಲಿ ಇವರು, ಗುಂಪಿನಿಂದ ನುಸುಳಿಕೊಂಡು ಬಂದು ಹಿಂದೆ ಊಟದ ಡಬ್ಬಿ ಹಿಡಿದ ನಾನು. ಹೊಳೆಯುವ ನೆಲದ ಮೇಲೆ ಟೈರಿನ ಗೆರೆ ಎಳೆಯುತ್ತಾ, ಕೌಂಟರುಗಳ ಹಿಂದಿನಿಂದ, ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿರುವಂತೆಯೇ ಸೈಕಲ್ಲೂ ಸವಾರನೂ ಸ್ಟ್ರಾಂಗ್ ರೂಮಿನ ಬಾಗಿಲ ತನಕ ಹೋದರು. ಮ್ಯಾನೇಜರ್ ತಮ್ಮ ಕೀಲಿ ತಿರುಗಿಸಿದರು. ಇವರು ಅಡ್ಡಪಟ್ಟಿಯ ಮೇಲಿಂದ ಬಾಗಿ ತಮ್ಮ ಕೀಲಿ ತಿರುಗಿಸಿದರು. ಬಾಗಿಲು ತೆರೆಯಿತು. ಅಧಿಕಾರಿ ಗಡಿಯಾರ ನೋಡಿದರು. ಸರಿಯಾದ ಹೊತ್ತು.

ಯಾರೋ ಇವರ ಹೆಲ್ಮೆಟ್ಟು ತೆಗೆದರು, ನಾನು ಮಾಸ್ಕು ಇಳಿಸಿದೆ. ಮುಖ ಬೆವರಿನಲ್ಲಿ ತೊಯ್ದುಹೋಗಿತ್ತು. ಅಧಿಕಾರಿ ಇವರ ಮುಂದೆ ಒಂದು ಕುರ್ಚಿ ಎಳೆದುಕೊಂಡು ಕೂತರು. ಸ್ಟ್ರಾಂಗ್ ರೂಮಿಗಿಂತ ಮೊದಲು ಸೈಕಲ್ಲಿನ ತನಿಖೆ ಶುರುವಾಯಿತು.

"ಈ ಸರಪಳಿ ಯಾಕೆ ಬಿಚ್ಚಿಲ್ಲ?"

"ಇನ್ನೊಂದು ಕೀಲಿಯವರು ಹಾಜರಿಲ್ಲ ಮೇಡಂ."

"ಯಾರವರು?"

"ನಮ್ಮಮ್ಮ."

"ಡೂಪ್ಲಿಕೇಟ್ ಕೀಲಿ ಇರುತ್ತಲ್ಲ?"

"ಅದು ಬೇರೆ ಶಾಖೇಲಿದೆ ಮೇಡಂ."

"ಯಾವ ಶಾಖೆ?"

"ನಮ್ಮಕ್ಕನ ಮನೆ."

ಮ್ಯಾನೇಜರ್ ಹಣೆ ಒತ್ತಿಕೊಂಡರು. ಅಧಿಕಾರಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಷ್ಟು ಕಷ್ಟಪಡುವ ಬದಲು ಸ್ಟ್ರಾಂಗ್ ರೂಮಿನ ಕೀಲಿಯನ್ನು ಯಾರ ಕೈಲಾದರೂ ಕೊಟ್ಟು ಕಳಿಸಬಹುದಿತ್ತಲ್ಲ ಎಂದು ಕೇಳಿದರು. ಹೆಂಡತಿ ಕೇಳಿದಳು ಮೇಡಂ, ಕೊಡಲಿಲ್ಲ ಅಂದರು ಇವರು. ಅಧಿಕಾರಿ ನನ್ನ ಕಡೆ ತಿರುಗಿದರು. ಹೌದು ಎಂದು ತಲೆ ಅಲ್ಲಾಡಿಸಿದೆ, ಆ ಹೊತ್ತಿಗೆ ನನಗೂ ಯಾಕೋ ಸ್ವಲ್ಪ ಹೆಮ್ಮೆಯಾಯಿತು. ಅವರು ಎದ್ದು ಮ್ಯಾನೇಜರನ್ನು ಕರೆದು ಹೇಳಿದ ಮಾತು ಇಡೀ ಬ್ಯಾಂಕಿಗೆ ಕೇಳಿಸಿತು.

"ಹೆಂಡತಿಗೂ ಕೀಲಿ ಕೊಡದ ಕ್ಯಾಷಿಯರನ್ನ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಕೀಲಿ ಇವರ ಹತ್ತಿರಾನೇ ಇರಲಿ. ಇನ್ಮೇಲೆ ತಾತ್ಕಾಲಿಕ ಅಲ್ಲ, ಕಾಯಂ."

ಪಕ್ಕದ ಕೌಂಟರಿನವರು ಹಿಂದಿನ ಚಕ್ರ ಬಿಟ್ಟು ಚಪ್ಪಾಳೆ ತಟ್ಟಿದರು. ಇವರು ವಾಲಿದರು, ಕಾವಲುಗಾರ ಹಿಡಿದುಕೊಂಡ. ಹೊರಗೆ ಗೇಟಿನ ಹತ್ತಿರ ಕಾಯುತ್ತಿದ್ದ ಮೆರವಣಿಗೆಯವರಿಗೆ ಏನೋ ಗೆಲುವಾಯಿತು ಎಂದು ಮಾತ್ರ ತಿಳಿಯಿತು. ಅವರೂ ಜೋರಾಗಿ ಚಪ್ಪಾಳೆ ತಟ್ಟಿ, ಸಂತೋಷದಿಂದ ಕೆಲಸಕ್ಕೆ ಹೋದರು.

ಅಷ್ಟರಲ್ಲಿ ಮೇಷ್ಟ್ರು ಅತ್ತೆಯ ಕೈ ಹಿಡಿದುಕೊಂಡು ಮೆಲ್ಲಗೆ ಒಳಗೆ ಬಂದರು. ಆಸ್ಪತ್ರೆಯವರು ಅತ್ತೆಯ ಕಣ್ಣಿಗೆ ಔಷಧಿ ಹಾಕಿದ್ದರು, ಎದುರಿಗಿರುವುದೆಲ್ಲ ಅವರಿಗೆ ಮಬ್ಬು ಮಬ್ಬು. ಆದರೂ ಕನ್ನಡಕದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅಮ್ಮಾ, ಬೀಗ ತೆಗಿ ಎಂದು ಇವರು ಕರೆದರು. ಅರಚಿ ಅರಚಿ ಗಂಟಲು ಕಟ್ಟಿತ್ತು, ಆ ದನಿ ನನಗೇ ಗುರುತು ಸಿಗುವಂತಿರಲಿಲ್ಲ. ಅತ್ತೆ ನಿಂತಲ್ಲೇ ನಿಂತರು.

"ಯಾರಪ್ಪ ನೀನು?"

ನಾನೇ ಅಮ್ಮಾ ನಿನ್ನ ಮಗ ಅಂದರು ಇವರು. ಹೌದು ಅತ್ತೆ, ಅವರೇ ಅಂದೆ ನಾನು. ನೀನು ಚಾರ್ಜು ಬಿಟ್ಟವಳು, ನಿನ್ನ ಮಾತು ನಡೆಯಲ್ಲ ಎಂದು ನನ್ನನ್ನು ಪಕ್ಕಕ್ಕೆ ಸರಿಸಿದರು. ಅಧಿಕಾರಿ ಮೊದಲ ಸಲ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಪರಿಸ್ಥಿತಿ ಕೈಮೀರುತ್ತಿರುವುದನ್ನು ಕ್ಷಣದಲ್ಲಿ ಗ್ರಹಿಸಿದ ಮ್ಯಾನೇಜರ್ ತಾವೇ ಮುಂದೆ ಬಂದು, ತಾನು ಈ ಬ್ಯಾಂಕಿನ ಮ್ಯಾನೇಜರ್ ಎಂದು ಪರಿಚಯ ಹೇಳಿಕೊಂಡು, ಅತ್ತೆಗೆ ಕುರ್ಚಿ ಕೊಟ್ಟು ಕೂರಿಸಿದರು.

"ಸಂತೋಷದ ಸುದ್ದಿ ಅಮ್ಮ. ನಿಮ್ಮ ಮಗನಿಗೆ ಕೀಲಿ ಕಾಯಂ ಆಯ್ತು. ಇವತ್ತು ಅವರು ಒಂದು ನಿಮಿಷನೂ ತಡ ಮಾಡದೆ, ಸರಿಯಾದ ಹೊತ್ತಿಗೆ ಬಂದ್ರು."

ಅತ್ತೆ ತೆರೆಯುತ್ತಿದ್ದ ಡಬ್ಬಿಯನ್ನು ಟಪ್ಪನೆ ಮುಚ್ಚಿದರು.

"ಸರಿಯಾದ ಹೊತ್ತಿಗೆ ಬಂದ್ನಾ? ಹಾಗಾದ್ರೆ ಇವನು ನನ್ನ ಮಗ ಅಲ್ಲ."